ಪರೀಕ್ಷೆಯ ಮನೆಯಲ್ಲಿ ಬ್ರೆಡ್ಡಿನ ಸಿಹಿ

ಬೆಂಗಳೂರಿನ ವಾಯವ್ಯ ಭಾಗದಲ್ಲಿರುವ ಪೀಣ್ಯದ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ರೂಪುಗೊಂಡಿತು. ಯಂತ್ರಗಳ ಬಿಡಿಭಾಗಗಳನ್ನು ಕಡೆಯುವ ಸಣ್ಣ ಕಾರ್ಖಾನೆಗಳೂ ಉಡುಪು ಹೊಲಿಯುವ ದೊಡ್ಡ ಗಾರ್ಮೆಂಟ್ಸುಗಳೂ ಅಲ್ಲಿ ಒತ್ತೊತ್ತಾಗಿ ನಿಂತಿವೆ. ಅವುಗಳ ಸುತ್ತಮುತ್ತ, ಅಲ್ಲಿ ದುಡಿಯುವವರ ಒಂದೆರಡು ಕೋಣೆಗಳ ಬಾಡಿಗೆ ಮನೆಗಳ ಸಾಲುಗಳು. ಮಾರ್ಚ್ ತಿಂಗಳು ಬಂತೆಂದರೆ ಈ ಸಾಲಿನಲ್ಲಿ ಯಾವ ಮನೆಯಲ್ಲಿ ಹತ್ತನೆಯ ತರಗತಿಯ ಮಗುವಿದೆ ಎಂಬುದನ್ನು ಯಾರನ್ನೂ ಕೇಳದೆ ಹೇಳಬಹುದು. ಆ ಮನೆಯ ಟೆಲಿವಿಷನ್ ಬಾಯಿ ಮುಚ್ಚಿರುತ್ತದೆ. ರಾತ್ರಿ ಹನ್ನೆರಡಾದರೂ ದೀಪ ಆರಿರುವುದಿಲ್ಲ. ಎರಡನೆಯ ಪಾಳಿ ಮುಗಿಸಿ ಬಂದ ತಂದೆ ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟು, ಸದ್ದಾಗದಂತೆ ಒಳಗೆ ಬಂದು, ತಟ್ಟೆಯನ್ನು ತಾನೇ ಎತ್ತಿಕೊಳ್ಳುತ್ತಾನೆ.

“ನಾನು ಏಳನೇ ಕ್ಲಾಸಿಗೇ ಬಿಟ್ಟೋಳು, ನಾನೇನು ಹೇಳ್ಕೊಡ್ಲಿ?” ಎಂಬುದು ಇಂಥ ಮನೆಗಳ ತಾಯಂದಿರು ಆಡುವ ಮಾತು. ನಗರದ ಇನ್ನೊಂದು ತುದಿಯ ವೈಟ್‌ಫೀಲ್ಡಿಗೋ, 1978ರಲ್ಲಿ ಮೊದಲಾದ ಎಲೆಕ್ಟ್ರಾನಿಕ್ ಸಿಟಿಗೋ ಹೋದರೆ ಮಾತು ಬದಲಾಗುತ್ತದೆಯೇ ಹೊರತು ಸಂಕಟ ಬದಲಾಗುವುದಿಲ್ಲ. ಅಲ್ಲಿ ಎಂಜಿನಿಯರುಗಳಾದ ತಂದೆತಾಯಿಗಳಿಗೆ ಹೇಳಿಕೊಡಲು ಬರುತ್ತದೆ. ಆದರೆ ಅಮೆರಿಕದ ಹಗಲಿಗೆ ಹೊಂದಿಕೊಂಡ ಅವರ ಕೆಲಸದಲ್ಲಿ ಮಕ್ಕಳ ಸಂಜೆಗೆ ಎಡೆಯಿಲ್ಲ. ಅದೇ ಕಚೇರಿಗಳ ಬಾಗಿಲು ಕಾಯುವವರ, ನೆಲ ಒರೆಸುವವರ ಮಕ್ಕಳೂ ಅದೇ ಪರೀಕ್ಷೆಯನ್ನೇ ಬರೆಯುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಪರೀಕ್ಷೆಗೆ ಕುಳಿತ ಮಗುವಿಗೆ ಮನೆಯವರು ಮಾಡಬಹುದಾದ ಸಹಾಯವಾದರೂ ಏನು? ಪಾಠವನ್ನು ತಿಳಿದವರೇ ಸಹಾಯ ಮಾಡಬಲ್ಲರು ಎಂಬ ನಂಬಿಕೆ ಎಲ್ಲೆಡೆಯೂ ಇದೆ. ಅದು ಪೂರ್ತಿ ನಿಜವಲ್ಲವೆಂಬುದೇ ನಾವು ಇಲ್ಲಿ ಹೇಳಹೊರಟಿರುವ ಸಂಗತಿ. ಏನೂ ಓದದ ತಾಯಿಯೂ ಮಗುವಿಗೆ ಪ್ರಶ್ನೆ ಕೇಳಬಲ್ಲಳು. ಹೊತ್ತಿಗೆ ಸರಿಯಾಗಿ ಮಲಗಿಸಬಲ್ಲಳು. ಸ್ಮರಣೆಯನ್ನು ಕುರಿತು ವಿಜ್ಞಾನಿಗಳು ನಡೆಸಿರುವ ಪ್ರಯೋಗಗಳನ್ನು ನೋಡಿದರೆ ಈ ಎರಡು ಸಹಾಯಗಳು ಸಣ್ಣವಲ್ಲ ಎಂಬುದು ಮನಗಾಣುತ್ತದೆ. ಪ್ರಶ್ನೆ ಕೇಳುವುದಕ್ಕೆ ಪುಸ್ತಕವನ್ನೇ ತೆರೆಯಬೇಕೆಂದಿಲ್ಲ. ಒಲೆಯ ಮುಂದೆ ನಿಂತೂ ಕೇಳಬಹುದು. ಅದಕ್ಕೆ ಉದಾಹರಣೆಯಾಗಿ, ಯಾವ ಮನೆಯಲ್ಲಾದರೂ ಅರ್ಧ ಗಂಟೆಯಲ್ಲಿ ಆಗುವ ಬ್ರೆಡ್ಡಿನ ಸಿಹಿಯೊಂದನ್ನು ಆರಿಸಿಕೊಂಡಿದ್ದೇವೆ.

ಪರೀಕ್ಷೆಯ ನಡುವೆ ಸಿಹಿ ಮಾಡಲು ಹೊತ್ತೆಲ್ಲಿದೆ ಎಂದು ಕೆಲವರು ಕೇಳಿಯಾರು. ಹೊತ್ತು ಉಂಟು. 2025ರಲ್ಲಿ ಎಸ್.ಎಸ್.ಎಲ್.ಸಿ.ಯ ಮೊದಲನೆಯ ಪರೀಕ್ಷೆ ಮಾರ್ಚ್ 21ರಿಂದ ಏಪ್ರಿಲ್ 4ರ ವರೆಗೆ ನಡೆಯಿತು. ಹದಿನೈದು ದಿನಗಳಲ್ಲಿ ಸಾಮಾನ್ಯ ವಿದ್ಯಾರ್ಥಿ ಬರೆಯಬೇಕಾದ ಪತ್ರಿಕೆಗಳು ಆರು. ಉಳಿದವು ಬಿಡುವಿನ ದಿನಗಳು. ಆ ಬಿಡುವಿನಲ್ಲೇ ಮಾರ್ಚ್ 30ರಂದು ಯುಗಾದಿಯೂ ಮರುದಿನ ರಂಜಾನ್ ಹಬ್ಬವೂ ಬಂದವು. ಹೋಳಿಗೆ ಬೇಯುವ ಮನೆಯಲ್ಲಿಯೂ ಶಾವಿಗೆಯ ಪಾಯಸ ಕುದಿಯುವ ಮನೆಯಲ್ಲಿಯೂ ಮಕ್ಕಳು ಪುಸ್ತಕ ಹಿಡಿದು ಕುಳಿತಿದ್ದರು.

ಇನ್ನು ಬ್ರೆಡ್ಡಿನ ವಿಷಯ. ಬೆಂಗಳೂರಿಗೆ ಬ್ರೆಡ್ಡನ್ನು ರೂಢಿಗೆ ತಂದುದು 1809ರಲ್ಲಿ ಸ್ಥಾಪನೆಯಾದ ದಂಡುಪ್ರದೇಶ. ಇಂಗ್ಲಿಷ್ ಸೈನಿಕರಿಗಾಗಿ ಬೇಯುತ್ತಿದ್ದ ಈ ತಿಂಡಿ ಪೇಟೆಯ ಮಡಿವಂತರ ಮನೆಗಳ ಒಳಗೆ ಕಾಲಿಡಲು ಬಹುಕಾಲ ಹಿಡಿಯಿತು. ಹಾಸನದ ಸೀಮೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಎಂಬವರು 1898ರಲ್ಲಿ ಚಿಕ್ಕಪೇಟೆಯ ಬಳಿ ‘ಬೆಂಗಳೂರು ಬ್ರಾಹ್ಮಣರ ಬೇಕರಿ’ಯನ್ನು ತೆರೆದ ಮೇಲೆ, ಮೊಟ್ಟೆಯ ಸೋಂಕಿಲ್ಲದ ‘ಅಯ್ಯಂಗಾರ್ ಬೇಕರಿ’ಗಳ ಪರಂಪರೆ ಬೆಳೆಯಿತು. ಇಂದು ಪೀಣ್ಯದ ಯಾವ ಅಡ್ಡರಸ್ತೆಯಲ್ಲಿ ನಿಂತರೂ ಇಂಥ ಬೇಕರಿಯೊಂದರ ಗಾಜಿನ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಉಬ್ಬಿದ ಈ ರೊಟ್ಟಿಗೆ ಉರ್ದುವಿನಲ್ಲಿ ‘ಡಬಲ್ ರೋಟಿ’ ಎಂಬ ಹೆಸರಿದೆ. ಹೈದರಾಬಾದಿನ ಮದುವೆಯೂಟದ ಪ್ರಸಿದ್ಧ ಭಕ್ಷ್ಯ ‘ಡಬಲ್ ಕಾ ಮೀಠಾ’ ತನ್ನ ಹೆಸರನ್ನು ಪಡೆದುದು ಅಲ್ಲಿಂದಲೇ. ನಾವು ಹೇಳುವ ಸಿಹಿ ಅದರ ಬಡ ನೆಂಟ. ಅದಕ್ಕೆ ಕೇಸರಿ ಬೇಡ, ಖೋವ ಬೇಡ.

ಬೇಕಾದುದಿಷ್ಟು: ಹಿಂದಿನ ದಿನದ ಬ್ರೆಡ್ಡಿನ ಎಂಟು ಹೋಳುಗಳು, ಮುಕ್ಕಾಲು ಬಟ್ಟಲು ಸಕ್ಕರೆ, ಒಂದೂವರೆ ಬಟ್ಟಲು ನೀರು, ಕಾಯಿಸಿದ ಹಾಲು ಒಂದು ಬಟ್ಟಲು, ನಾಲ್ಕು ದೊಡ್ಡ ಚಮಚ ತುಪ್ಪ, ಮೂರು ಏಲಕ್ಕಿ, ಮನೆಯಲ್ಲಿದ್ದರೆ ಒಂದು ಹಿಡಿ ಗೋಡಂಬಿ. ಹಿಂದಿನ ದಿನದ ಬ್ರೆಡ್ಡು ಎಂದುದನ್ನು ಓದುಗರು ಗಮನಿಸಬೇಕು. ಅಂದೇ ತಂದ ಮೆತ್ತನೆಯ ಬ್ರೆಡ್ಡು ಪಾಕ ಮುಟ್ಟಿದೊಡನೆ ಕರಗಿ ಅಂಬಲಿಯಾಗುತ್ತದೆ. ಒಂದು ದಿನ ಕಳೆದುದಾದರೆ ಗಟ್ಟಿಯಾಗಿ ನಿಂತು ಪಾಕವನ್ನು ನಿಧಾನವಾಗಿ ಹೀರುತ್ತದೆ.

ಹೋಳುಗಳನ್ನು ಕತ್ತರಿಸುತ್ತ ತಾಯಿ ಕೇಳಬಹುದಾದ ಮೊದಲ ಪ್ರಶ್ನೆ ಇಲ್ಲಿಯೇ ಇದೆ: “ನೆನ್ನೆ ಹತ್ತಿ ಥರ ಇತ್ತಲ್ಲ ಪುಟ್ಟಿ, ಇವತ್ತು ಯಾಕೆ ಗಟ್ಟಿ ಆಯ್ತು?”

“ನೀರು ಆರಿಹೋಗಿದೆ ಅಮ್ಮ” ಎಂಬುದು ಹತ್ತರಲ್ಲಿ ಒಂಬತ್ತು ಮಕ್ಕಳು ಹೇಳುವ ಉತ್ತರ. ದೊಡ್ಡವರೂ ಅದನ್ನೇ ಹೇಳುತ್ತಾರೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸಂಗೋ 1852ರಲ್ಲಿಯೇ ಈ ಉತ್ತರ ಸಾಲದೆಂದು ತೋರಿಸಿಕೊಟ್ಟಿದ್ದನು. ನೀರಿನ ಆವಿ ಹೊರಹೋಗದಂತೆ ಭದ್ರವಾಗಿ ಮುಚ್ಚಿಟ್ಟ ಬ್ರೆಡ್ಡು ಕೂಡ ಗಟ್ಟಿಯಾಯಿತು! ಅಷ್ಟೇ ಅಲ್ಲ, ಗಟ್ಟಿಯಾದ ಬ್ರೆಡ್ಡನ್ನು ಮತ್ತೆ ಬಿಸಿ ಮಾಡಿದಾಗ ಅದು ಮೆತ್ತಗಾಯಿತು. ನೀರು ಆರಿದುದೊಂದೇ ಕಾರಣವಾಗಿದ್ದರೆ ಬಿಸಿ ಮಾಡಿದಾಗ ಅದು ಇನ್ನಷ್ಟು ಗಟ್ಟಿಯಾಗಬೇಕಿತ್ತಲ್ಲವೆ?

ನಿಜವಾದ ಕಾರಣ ಪಿಷ್ಟದಲ್ಲಿದೆ. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳಲ್ಲಿ ಉದ್ದುದ್ದನೆಯ ಅಣುಸರಪಳಿಗಳು ಒಪ್ಪವಾಗಿ ಜೋಡಿಸಿಟ್ಟಂತೆ ಇರುತ್ತವೆ. ನೀರಿನೊಡನೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಈ ಜೋಡಣೆ ಕಲೆದು, ನೀರು ಒಳಗೆ ನುಗ್ಗಿ, ಕಣಗಳು ಉಬ್ಬಿ ಅಂಟಾಗುತ್ತವೆ. ಅಕ್ಕಿಹಿಟ್ಟಿನ ಗಂಜಿ ಗಟ್ಟಿಯಾಗುವುದೂ ರಾಗಿ ಮುದ್ದೆ ಕೂಡಿಕೊಳ್ಳುವುದೂ ಇದೇ ಕ್ರಿಯೆಯಿಂದ. ಬ್ರೆಡ್ಡು ಆರಿದ ಮೇಲೆ ಚೆದರಿದ ಸರಪಳಿಗಳು ಮೆಲ್ಲಮೆಲ್ಲನೆ ಮತ್ತೆ ಪಕ್ಕಪಕ್ಕಕ್ಕೆ ಬಂದು ಹರಳಿನಂತೆ ಸಾಲುಗೂಡುತ್ತವೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜೆ. ಆರ್. ಕಾಟ್ಸ್ ಎಂಬ ಡಚ್ ವಿಜ್ಞಾನಿ ಕ್ಷಕಿರಣಗಳ ನೆರವಿನಿಂದ ಈ ಸಾಲುಗೂಡುವಿಕೆಯನ್ನು ಗುರುತಿಸಿದನು. ಬೆಚ್ಚಗಿನ ಕೋಣೆಯಲ್ಲಿ ನಿಧಾನವಾಗಿ ನಡೆಯುವ ಈ ಕ್ರಿಯೆ, ನೀರು ಹೆಪ್ಪುಗಟ್ಟುವುದಕ್ಕಿಂತ ತುಸು ಮೇಲಿನ ತಂಪಿನಲ್ಲಿ ಬೇಗಬೇಗನೆ ನಡೆಯುತ್ತದೆ. ಆದುದರಿಂದ ಬ್ರೆಡ್ಡು ಮೆತ್ತಗಿರಲೆಂದು ಫ್ರಿಜ್ಜಿನಲ್ಲಿ ಇಡುವವರು ತಾವು ಬಯಸಿದುದಕ್ಕೆ ನೇರ ವಿರುದ್ಧವಾದುದನ್ನೇ ಮಾಡುತ್ತಾರೆ. ಬೂಸಲು ತಡವಾಗಿ ಹಿಡಿಯುತ್ತದೆಂಬುದು ಮಾತ್ರ ಅದರ ಲಾಭ.

ಬೂಸಲಿನ ಮಾತು ಬಂದುದರಿಂದ ಒಂದು ಎಚ್ಚರಿಕೆ. ಒಂದು ಹೋಳಿನ ಮೂಲೆಯಲ್ಲಿ ಹಸುರು ಇಲ್ಲವೆ ಕಪ್ಪು ಚುಕ್ಕೆ ಕಂಡರೆ ಅಷ್ಟನ್ನೇ ಕಿತ್ತೆಸೆದು ಉಳಿದುದನ್ನು ಬಳಸಬಾರದು. ಕಣ್ಣಿಗೆ ಕಾಣುವುದು ಬೂಸಲಿನ ಬೀಜಕಗಳು ಮಾತ್ರ. ಅದರ ಎಳೆಗಳು ಬ್ರೆಡ್ಡಿನೊಳಗೆ ಕಾಣದಂತೆ ಹರಿದಿರುತ್ತವೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಪಾಠದೊಳಗೆ ಬರುವ ರೈಜೋಪಸ್ ಇದೇ. ತೇವ ಮಾಡಿದ ಬ್ರೆಡ್ಡಿನ ಮೇಲೆ ಅದನ್ನು ಬೆಳೆಸಿ ನೋಡುವ ಚಟುವಟಿಕೆಯೂ ಆ ಪಾಠದಲ್ಲಿದೆ. ಬ್ರೆಡ್ಡಿನ ತುಂಬ ಇರುವ ತೂತುಗಳನ್ನು ತೋರಿಸಿ, “ಇಷ್ಟೊಂದು ತೂತು ಯಾರು ಮಾಡಿದ್ರು?” ಎಂದು ಕೇಳಿದರೆ ಇನ್ನೊಂದು ಪಾಠವೇ ಬಾಯಿಗೆ ಬರುತ್ತದೆ. ಯೀಸ್ಟು ಆಮ್ಲಜನಕವಿಲ್ಲದೆ ಉಸಿರಾಡುವಾಗ ಶರ್ಕರವನ್ನು ಒಡೆದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. (ನಮ್ಮ ಹಿರಿಯರು ಇದನ್ನು ಅಂಗಾರಾಮ್ಲವಾಯು ಎನ್ನುತ್ತಿದ್ದರು, ಅಜ್ಜ ಹಾಗೆ ಹೇಳಿದರೆ ತಪ್ಪೆಂದು ಮೊಮ್ಮಕ್ಕಳು ನಗಬಾರದು.) ಗೋಧಿಯ ಗ್ಲುಟೆನ್ ಎಂಬ ಸಸಾರಜನಕ ಪದಾರ್ಥವು ರಬ್ಬರಿನ ಪೊರೆಯಂತೆ ಹಿಗ್ಗಿ ಆ ಅನಿಲವನ್ನು ಹಿಡಿದಿಡುತ್ತದೆ. ಒಲೆಯ ಶಾಖಕ್ಕೆ ಮದ್ಯಸಾರ ಬಹುಮಟ್ಟಿಗೆ ಹಾರಿಹೋಗುತ್ತದೆ, ತೂತುಗಳು ಉಳಿಯುತ್ತವೆ.

ಈಗ ಬಾಣಲೆಗೆ ತುಪ್ಪ ಹಾಕಿ, ಗೋಡಂಬಿ ಹುರಿದು ತೆಗೆದಿಟ್ಟು, ಬ್ರೆಡ್ಡಿನ ತುಣುಕುಗಳನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಮೊದಲು ಸಣ್ಣ ಗುಳ್ಳೆಗಳೇಳುತ್ತವೆ. ಅದು ಬ್ರೆಡ್ಡಿನೊಳಗಿನ ನೀರು ಆವಿಯಾಗಿ ಹೊರಡುವ ಲಕ್ಷಣ. ಆ ನೀರು ಇರುವ ತನಕ ತುಣುಕಿನ ಉಷ್ಣತೆ ನೀರು ಕುದಿಯುವ ಮಟ್ಟವನ್ನು ಮೀರಿ ಹೆಚ್ಚು ಏರುವುದಿಲ್ಲ, ಬಣ್ಣವೂ ಬರುವುದಿಲ್ಲ. ಹೊರಮೈ ಒಣಗಿದೊಡನೆ ಉಷ್ಣತೆ ಸರಸರನೆ ಏರಿ, ಹೊಂಬಣ್ಣವೂ ಬಾಯಲ್ಲಿ ನೀರೂರಿಸುವ ಪರಿಮಳವೂ ಒಟ್ಟಿಗೇ ಬರುತ್ತವೆ. ಶರ್ಕರಗಳೂ ಸಸಾರಜನಕಗಳ ಘಟಕಗಳಾದ ಅಮೈನೋ ಆಮ್ಲಗಳೂ ಕೂಡಿ ನಡೆಸುವ ಈ ಕ್ರಿಯೆಯನ್ನು 1912ರಲ್ಲಿ ವರ್ಣಿಸಿದವನು ಲೂಯಿ ಕಮೀಯ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಕ್ರಿಯೆಗೆ ಅವನ ಹೆಸರೇ ನಿಂತಿದೆ. ದೋಸೆಯ ತಳ ಕೆಂಪಾಗುವುದು, ಕಾಫಿಬೀಜ ಹುರಿದಾಗ ಘಮಘಮಿಸುವುದು, ಬ್ರೆಡ್ಡಿನ ಹೊರತೊಗಲು ಕಂದಾಗಿ ಒಳಗು ಬೆಳ್ಳಗೆ ಉಳಿಯುವುದು, ಎಲ್ಲದರಲ್ಲಿಯೂ ಇದರ ಕೈವಾಡವುಂಟು. ಹೊಂಬಣ್ಣಕ್ಕೇ ನಿಲ್ಲಿಸಬೇಕು. ಪಿಷ್ಟದ ಪದಾರ್ಥಗಳನ್ನು ಕರಿಕಾಗುವಷ್ಟು ಹುರಿದರೆ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹೆಚ್ಚುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಹಿಡಿದರು.

ಇನ್ನೊಂದು ಪಾತ್ರೆಯಲ್ಲಿ ಸಕ್ಕರೆ ಮತ್ತು ನೀರು. ಇಲ್ಲಿ ಬೆಂಗಳೂರಿನವರು ತಿಳಿದಿರಬೇಕಾದ ಒಂದು ಸ್ವಾರಸ್ಯವಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ವಾಯುವಿನ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಂತೆ ಕುದಿಯುವ ಬಿಂದುವೂ ಕಡಿಮೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇಳಿದು, ಪುಸ್ತಕದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಪೀಣ್ಯದ ಅಡಿಗೆಮನೆಯಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಸಕ್ಕರೆ ಕರಗಿದಾಗ ಬಿಂದು ಮತ್ತೆ ಮೇಲೇರುತ್ತದೆ. ನೀರು ಇಂಗಿ ಪಾಕ ಗಟ್ಟಿಯಾದಷ್ಟೂ ಇನ್ನೂ ಮೇಲೇರುತ್ತದೆ. ಹೀಗಾಗಿ ಮಂಗಳೂರಿನವರು ಉಷ್ಣಮಾಪಕ ಇಟ್ಟು ಬರೆದ ಪಾಕದ ಅಂಕೆಯನ್ನು ನಾವು ಹಾಗೆಯೇ ಅನುಸರಿಸಿದರೆ ನಮ್ಮ ಪಾಕ ಗಟ್ಟಿಯಾಗಿಬಿಡುತ್ತದೆ. ಮೂರು ಡಿಗ್ರಿ ಕಳೆದುಕೊಳ್ಳಬೇಕು. ಬೆರಳುಗಳ ನಡುವೆ ಎಳೆ ನೋಡುವ ಅಜ್ಜಿಗೆ ಈ ತೊಂದರೆಯಿಲ್ಲ. ಅವಳು ಅಳೆಯುವುದು ಉಷ್ಣತೆಯನ್ನಲ್ಲ, ಪಾಕದ ಸ್ನಿಗ್ಧತೆಯನ್ನು; ಅದು ಮಂಗಳೂರಿನಲ್ಲಾದರೂ ಮಡಿಕೇರಿಯಲ್ಲಾದರೂ ಒಂದೇ. ಈ ಸಿಹಿಗಾದರೋ ಎಳೆ ಬರುವ ತನಕ ಕಾಯಬೇಕಿಲ್ಲ. ಮುಟ್ಟಿದರೆ ಅಂಟಂಟಾಗುವಷ್ಟು ಸಾಕು.

ಪಾಕಕ್ಕೆ ಹುರಿದ ತುಣುಕುಗಳನ್ನು ಹಾಕಿ, ಎರಡು ನಿಮಿಷ ಬಿಟ್ಟು, ಬಿಸಿ ಹಾಲು ಸುರಿದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಸೌಟಾಡಿಸಿದರೆ ಎಲ್ಲವೂ ಕೂಡಿಕೊಂಡು ಅಂಚಿನಲ್ಲಿ ತುಪ್ಪ ಬಿಡತೊಡಗುತ್ತದೆ. ಏಲಕ್ಕಿಪುಡಿ, ಗೋಡಂಬಿ ಸೇರಿಸಿ ಇಳಿಸುವುದು.

ಈಗ ಪ್ರಶ್ನೆಗಳ ಮಾತಿಗೆ ಬರೋಣ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಮರೆಯುವ ವೇಗವನ್ನು ತನ್ನ ಮೇಲೆಯೇ ಅಳೆದು, 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗ, ಅನಂತರ ನಿಧಾನ ಎಂಬುದು ಅವನು ಕಂಡ ಸತ್ಯ. ಈ ಮರೆವನ್ನು ತಡೆಯುವ ಬಗೆ ಯಾವುದು? ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರುವುದು ಒಂದೇ: ಮತ್ತೆ ಓದುವುದು, ಇನ್ನೊಮ್ಮೆ ಓದುವುದು, ಹಳದಿ ಬಣ್ಣದಿಂದ ಗೆರೆ ಎಳೆದು ಮತ್ತೂ ಓದುವುದು.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಈ ಪದ್ಧತಿಯನ್ನು ಒರೆಗೆ ಹಚ್ಚಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಓದಲು ಕೊಟ್ಟರು. ಕೆಲವನ್ನು ಅವರು ಎರಡನೆಯ ಸಲವೂ ಓದಿದರು. ಕೆಲವನ್ನು ಮತ್ತೆ ಓದದೆ, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದುದೇ ಮೇಲಾಯಿತು: ಅದರಲ್ಲಿ ನೂರಕ್ಕೆ 81 ಭಾಗ ನೆನಪಿದ್ದರೆ ಇದರಲ್ಲಿ 75. ಆದರೆ ಒಂದು ವಾರ ಕಳೆದು ನೋಡಿದಾಗ ತಕ್ಕಡಿ ತಿರುಗಿತ್ತು. ಎರಡು ಸಲ ಓದಿದುದರಲ್ಲಿ 42 ಉಳಿದಿತ್ತು. ನೆನಪಿನಿಂದ ಬರೆದುದರಲ್ಲಿ 56. ಮತ್ತೆ ಮತ್ತೆ ಓದುವುದು ಬಂತೆಂಬ ಭ್ರಮೆಯನ್ನು ಕೊಡುತ್ತದೆ. ಪುಸ್ತಕ ಮುಚ್ಚಿ ನೆನಪನ್ನು ಹೊರಗೆಳೆಯುವ ಶ್ರಮವೇ ಅದನ್ನು ಗಟ್ಟಿ ಮಾಡುತ್ತದೆ.

ತಾಯಿಯ “ಯಾಕೆ?” ಎಂಬ ಪ್ರಶ್ನೆಗೆ ಇರುವ ಬೆಲೆ ಇದೇ. ಅವಳಿಗೆ ಉತ್ತರ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದವಳಿಗೆ ತಿಳಿಯುವಂತೆ ಹೇಳಬೇಕಾದಾಗ ಮಗು ಪುಸ್ತಕದ ವಾಕ್ಯವನ್ನು ಒಪ್ಪಿಸಿ ಪಾರಾಗುವಂತಿಲ್ಲ. ತನ್ನ ಮಾತಿನಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. “ಆಮ್ಲಜನಕ ಇಲ್ದೆ ಉಸಿರಾಡೋದು ಅಂದ್ರೆ ಹೆಂಗೆ?” ಎಂದು ಅವಳು ತಡೆದು ಕೇಳಿದಲ್ಲಿ ಎಷ್ಟೋ ಸಲ ಮಗುವಿಗೇ ತನಗೆ ತಿಳಿದಿಲ್ಲವೆಂಬುದು ತಿಳಿಯುತ್ತದೆ. ಆಗ ಪುಸ್ತಕ ತೆರೆದು ನೋಡಬೇಕು. ತಪ್ಪು ಉತ್ತರವನ್ನು ಹಾಗೆಯೇ ಬಿಟ್ಟರೆ ಅದೇ ಬೇರೂರಬಹುದಾದ್ದರಿಂದ ಈ ತೆರೆದು ನೋಡುವ ಕೆಲಸವನ್ನು ಬಿಡುವಂತಿಲ್ಲ. ಆದರೆ ಎರಡು ಮೂರು ಪ್ರಶ್ನೆಗಳಿಗೇ ನಿಲ್ಲಿಸುವುದು ಮೇಲು. ಅಡಿಗೆಮನೆಯನ್ನೂ ಪರೀಕ್ಷೆಯ ಕೊಠಡಿ ಮಾಡಿಬಿಟ್ಟರೆ ಮಗು ನಾಳೆ ಅತ್ತ ಸುಳಿಯುವುದಿಲ್ಲ. ಉಪ್ಪಿನಲ್ಲಿಯೂ ಒಗ್ಗರಣೆಯಲ್ಲಿಯೂ ಪಾಠ ಹುಡುಕುವ ತಂದೆಯರನ್ನು ಕಂಡರೆ ನಮಗೂ ದಿಗಿಲೇ.

ಸಿಹಿ ತಿಂದರೆ ಮಿದುಳು ಚುರುಕಾಗುತ್ತದೆಯೆ? ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2 ಭಾಗದಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20 ಭಾಗವನ್ನು ತಾನೇ ಕಬಳಿಸುತ್ತದೆ. ಅದರ ಮುಖ್ಯ ಇಂಧನ ಗ್ಲೂಕೋಸ್ ಎಂಬುದು ನಿಜ. ಇಷ್ಟನ್ನೇ ಹಿಡಿದುಕೊಂಡು ಪುಡಿಗಳನ್ನೂ ಪಾನಕಗಳನ್ನೂ ಮಾರುವವರಿದ್ದಾರೆ. ಆದರೆ ಆರೋಗ್ಯವಂತ ಮಗುವಿನ ಯಕೃತ್ತು, ಕೂಡಿಟ್ಟ ಗ್ಲೈಕೋಜನ್ನನ್ನು ಕರಗಿಸಿ ರಕ್ತದ ಗ್ಲೂಕೋಸನ್ನು ತಕ್ಕ ಮಟ್ಟದಲ್ಲಿ ಇಟ್ಟಿರುತ್ತದೆ. ಹೊತ್ತಿಗೆ ಉಂಡ ಮುದ್ದೆಸಾರು, ಅನ್ನಬೇಳೆ, ಶಾಲೆಯಲ್ಲಿ ಸಿಗುವ ಹಾಲು ಮೊಟ್ಟೆಗಳೇ ಸಾಕು. ಬ್ರೆಡ್ಡಿನ ಸಿಹಿಯನ್ನು ಸಿಹಿ ಎಂದೇ ತಿನ್ನಬೇಕು, ಔಷಧವೆಂದಲ್ಲ. ಒಂದು ಸಣ್ಣ ಬಟ್ಟಲು, ಊಟದ ಕೊನೆಗೆ. ಪರೀಕ್ಷೆಯ ಬೆಳಗ್ಗೆ ತುಪ್ಪದ ಸಿಹಿ ತಿನ್ನಿಸಿ ಹೊಟ್ಟೆ ಭಾರ ಮಾಡಿ ಕಳಿಸುವುದು ಜಾಣತನವಲ್ಲ. ಇಡ್ಲಿ ಒಳ್ಳೆಯದು.

ನಿದ್ರೆಯ ವಿಷಯದಲ್ಲಿ ಮಾತ್ರ ನಾವು ಯಾವ ರಿಯಾಯಿತಿಯನ್ನೂ ತೋರಲಾರೆವು. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಖ್ ಎಂಬವರು ಇಬ್ಬರು ವಿದ್ಯಾರ್ಥಿಗಳಿಂದ ಪದಭಾಗಗಳನ್ನು ಬಾಯಿಪಾಠ ಮಾಡಿಸಿ, ಕೆಲವೊಮ್ಮೆ ಮಲಗಿಸಿ, ಕೆಲವೊಮ್ಮೆ ಎಚ್ಚರವಾಗಿಟ್ಟು, ಎಂಟು ಗಂಟೆಗಳ ವರೆಗಿನ ಬೇರೆ ಬೇರೆ ಅವಧಿಗಳ ಅನಂತರ ಕೇಳಿದರು. ನಿದ್ರೆ ಮಾಡಿದಾಗ ಉಳಿದ ನೆನಪು, ಎಚ್ಚರವಿದ್ದಾಗ ಉಳಿದುದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಆ ಮೇಲಿನ ನೂರು ವರ್ಷಗಳ ಸಂಶೋಧನೆ ಈ ಮಾತನ್ನು ಬಲಪಡಿಸಿದೆ. ಹಗಲಿನಲ್ಲಿ ಕಲಿತುದನ್ನು ನಿದ್ರೆಯಲ್ಲಿರುವ ಮಿದುಳು ಮರುಕಳಿಸಿ ನೆಲೆಗೊಳಿಸುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವ ನಮ್ಮ ಹಳೆಯ ಪದ್ಧತಿ ರಾತ್ರಿ ಎಂಟಕ್ಕೆ ದೀಪ ಆರುತ್ತಿದ್ದ ಕಾಲದ್ದು. ಹನ್ನೆರಡಕ್ಕೆ ಮಲಗಿದವರನ್ನು ನಾಲ್ಕಕ್ಕೆ ಎಬ್ಬಿಸುವುದೆಂದರೆ ಓದಿಸಿದುದನ್ನು ನಾವೇ ಕಸಿದುಕೊಂಡಂತೆ. ಮೂರು ಪಾಳಿಗಳಲ್ಲಿ ದುಡಿಯುವವರ ಒಂದೇ ಕೋಣೆಯ ಮನೆಯಲ್ಲಿ ಹೊತ್ತಿಗೆ ಮಲಗುವುದು ಸುಲಭವಲ್ಲ ಎಂಬುದನ್ನು ಬಲ್ಲೆವು. ದೀಪಕ್ಕೆ ಅಡ್ಡವಾಗಿ ಒಂದು ಸೀರೆಯ ತೆರೆ, ಬೇರೆ ಮೂಲೆಗೆ ಸರಿಸಿದ ಮೊಬೈಲು, ಹತ್ತರ ಮೇಲೆ ಪಿಸುಮಾತು: ಇಷ್ಟನ್ನಾದರೂ ಮಾಡಿದ ಮನೆಗೆ ಒಂದು ಗಂಟೆಯ ನಿದ್ರೆ ಹೆಚ್ಚು ಸಿಕ್ಕೀತು.

ಉಳಿದುದು ಭಯ. ಭಯಗೊಂಡಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ನನ್ನು ಸ್ರವಿಸಿ, ಎದೆ ಹೊಡೆದುಕೊಂಡು, ಅಂಗೈ ಬೆವರುತ್ತದೆ. ಇದು ದೇಹ ಸಜ್ಜಾಗುವ ಬಗೆ, ಸ್ವಲ್ಪವಿದ್ದರೆ ಒಳಿತೇ. ಮಿತಿ ಮೀರಿದಾಗ ಬಂದ ಉತ್ತರವೂ ಬಾರದಾಗುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಂತೆ, ಪರೀಕ್ಷೆಗೆ ಮುನ್ನ ಹತ್ತು ನಿಮಿಷ ಕುಳಿತು ತಮ್ಮ ಭಯವನ್ನು ಹಾಳೆಯ ಮೇಲೆ ಬರೆದಿಟ್ಟ ಅಂಜುಬುರುಕ ವಿದ್ಯಾರ್ಥಿಗಳು ಬರೆಯದವರಿಗಿಂತ ಚೆನ್ನಾಗಿ ಉತ್ತರಿಸಿದರು. “ಫೇಲಾದ್ರೆ ಒಂದು ವರ್ಷ ಹೋಯ್ತು” ಎಂಬ ಬೆದರಿಕೆಗೂ ಈಗ ಆಧಾರವಿಲ್ಲ. 2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದ್ದು, ಮೊದಲನೆಯದರಲ್ಲಿ ಎಡವಿದವರು ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದು. ತಂದೆತಾಯಿಗಳು ಈ ಸಂಗತಿಯನ್ನು ಫಲಿತಾಂಶದ ದಿನ ಹೇಳುವುದಕ್ಕಿಂತ ಪರೀಕ್ಷೆಗೆ ಮೊದಲೇ ಹೇಳಬೇಕು. ಊಟ ಬಿಟ್ಟ, ಮಾತು ಬಿಟ್ಟ, ಬದುಕು ಬೇಡವೆನ್ನುವ ಮಗುವಿಗಾದರೋ ಸಿಹಿಯೂ ಸಾಲದು, ಪ್ರಶ್ನೆಯೂ ಸಾಲದು. ಬಲ್ಲವರ ನೆರವು ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರಿ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ತಾಂತ್ರಿಕ ನೆರವು ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು.

ಬಾಣಲೆಯ ಮುಂದೆ ನಿಂತು ಈ ವಿದ್ಯೆಯ ರುಚಿ ಹತ್ತಿದ ವಿದ್ಯಾರ್ಥಿಗಳಿಗೆ ಒಂದು ಸುಳಿವು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಹಿಟ್ಟು ಬೀಸುವುದೂ ಬ್ರೆಡ್ಡು ಬೇಯಿಸುವುದೂ ಸಂಶೋಧನೆಯ ವಿಷಯಗಳೇ. ಪಿಷ್ಟದ ಸರಪಳಿಗಳ ಹಿಂದೆ ಬೀಳಬಯಸುವವರು ಫ್ರಾನ್ಸಿಗೆ ಹೋಗಬೇಕಾಗಿಲ್ಲ.

ಮಾಡಿದ ಸಿಹಿ ಉಳಿದರೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಬೇಕು. ಹಾಲು ಸೇರಿರುವುದರಿಂದ ಮಾರ್ಚಿನ ಸೆಕೆಯಲ್ಲಿ ಹೊರಗಿಡುವಂತಿಲ್ಲ. ತಂಪಿನಲ್ಲಿ ಅದು ಗಟ್ಟಿಯಾಗಿರುತ್ತದೆ. ಏಕೆಂದು ಈಗ ಮಗು ಹೇಳಬಲ್ಲದು. ಎರಡು ಚಮಚ ಬಿಸಿ ಹಾಲು ಹಾಕಿ, ಒಲೆಯ ಮೇಲಿಟ್ಟು, ಸೌಟಿನಿಂದ ಮೆಲ್ಲನೆ ಮಗುಚಿದರೆ ಮತ್ತೆ ಮೆತ್ತಗಾಗುತ್ತದೆ.